ಅಪ್ಪಂದಿರು ಅದಲುಬದಲಾದ ವರ್ಷ

ನಾನು ಟೀಚರ್ ಆಗಿ ಸೇರಿದ ಮೊದಲ ವರ್ಷವೇ ಸರಕಾರ ಶಾಲೆಯನ್ನು ಅರ್ಧ ಮಾಡಿಬಿಟ್ಟಿತು. ಐವತ್ತಮೂರರ ಮಳೆಗಾಲ ಅದು. ನಮ್ಮ ಜಿಲ್ಲೆ ಆಗಿನ್ನೂ ಮದರಾಸಿಗೆ ಸೇರಿತ್ತು. ಕೆದಂಬಾಡಿಯ ನಮ್ಮ ಮನೆಯಿಂದ ಟ್ರಂಕು ಹೊರಿಸಿಕೊಂಡು, ಕಾಣಿಯೂರಿನ ಆಚೆ ಗುಡ್ಡ ಹತ್ತಿ ಇಳಿದು ಸೇರಬೇಕಾದ ಜಿಲ್ಲಾ ಬೋರ್ಡಿನ ಒಂದು ಶಾಲೆಗೆ ನಾನು ಬಂದಿದ್ದೆ. ಅಲ್ಲಿ ನನ್ನ ಸೋದರತ್ತೆಯ ಮನೆ ಇತ್ತು. ಅದೊಂದು ಇಲ್ಲದಿದ್ದರೆ ಅಪ್ಪ ನನ್ನನ್ನು ಕಳಿಸುತ್ತಿರಲಿಲ್ಲ.

ಐದನೆಯ ತರಗತಿವರೆಗಿನ ಶಾಲೆ. ಅಧ್ಯಾಪಕರು ಇಬ್ಬರೇ, ನಾನು ಮತ್ತು ಹೆಡ್‌ಮಾಷ್ಟ್ರು. ಅವರು ನಿವೃತ್ತಿಗೆ ಹತ್ತಿರವಾದವರು, ಗಟ್ಟಿ ಗಂಟಲಿನವರು. ಸರ್ಕ್ಯುಲರ್ ಎಂದರೆ ಅವರಿಗೆ ಪುರಾಣ ಇದ್ದ ಹಾಗೆ. ಅದು ಬಂದ ದಿನ ಗೂಟದಲ್ಲಿ ತೂಗಿದ ಕರಿ ಕೋಟನ್ನು ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ನಿಂತೇ ಓದುತ್ತಿದ್ದರು. ಕೇಳುವವಳು ನಾನೊಬ್ಬಳೇ ಆದರೂ ನಿಂತೇ ಓದುತ್ತಿದ್ದರು.

ಆ ಸಲದ ಆಜ್ಞೆ ಹೀಗಿತ್ತು. ಮಕ್ಕಳಿಗೆ ಇನ್ನು ದಿನಕ್ಕೆ ಮೂರೇ ಗಂಟೆ ಪಾಠ. ದೊಡ್ಡ ಮಕ್ಕಳು ಬೆಳಿಗ್ಗೆ, ಸಣ್ಣವರು ಊಟದ ನಂತರ. ಉಳಿದ ಹೊತ್ತು ಗಂಡುಮಕ್ಕಳು ತಂದೆಯ ಜೊತೆ ನಿಂತು ತಂದೆಯ ಕಸುಬು ಕಲಿಯಬೇಕು, ಹೆಣ್ಣುಮಕ್ಕಳು ತಾಯಿಯಿಂದ ಮನೆಗೆಲಸ. ಇದ್ದ ಕಟ್ಟಡದಲ್ಲೇ ಹೆಚ್ಚು ಮಕ್ಕಳಿಗೆ ಜಾಗ ಸಿಗುತ್ತದೆ ಎಂದು ಸರಕಾರದ ಲೆಕ್ಕ. ಜಾತಿಯ ಕಸುಬನ್ನೇ ಮಕ್ಕಳ ಕೊರಳಿಗೆ ಕಟ್ಟುತ್ತಾರೆ ಎಂದು ಮದರಾಸಿನಲ್ಲಿ ದೊಡ್ಡ ಗಲಾಟೆ ಆಗುತ್ತಿತ್ತಂತೆ. ಆ ಗಲಾಟೆ ನಮ್ಮ ಗುಡ್ಡ ದಾಟಿ ಈಚೆ ಬರಲಿಲ್ಲ. ಬಂದದ್ದು ಆಜ್ಞೆ ಮಾತ್ರ.

ಹೆಡ್‌ಮಾಷ್ಟ್ರು ಮರುದಿನವೇ ಊರಿನ ಅಪ್ಪಂದಿರನ್ನೆಲ್ಲ ಶಾಲೆಗೆ ಕರೆಸಿದರು. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕುಳಿತ ಆ ಗಂಡಸರನ್ನು ಒಬ್ಬೊಬ್ಬರಾಗಿ ಎಬ್ಬಿಸಿ, "ನಿಮ್ಮ ಕಸುಬು ಎಂತ?" ಎಂದು ಕೇಳತೊಡಗಿದರು. ಊರಿಗೇ ಗೊತ್ತಿದ್ದ ಸಂಗತಿಯನ್ನು ಯಾಕೆ ಕೇಳುತ್ತಾರೆಂದು ಅವರಿಗೆ ಅರ್ಥವಾಗಲಿಲ್ಲ. ಬೇಸಾಯದ ಗೌಡರೊಬ್ಬರು ಎದ್ದು, "ಮಾಷ್ಟ್ರೆ, ನನ್ನ ಮಗ ಬೆಳಿಗ್ಗೆ ಗದ್ದೆಗೆ ಇಳಿದೇ ಶಾಲೆಗೆ ಬರುದು. ಅವನಿಗೆ ಗದ್ದೆ ಕಲಿಸ್ಲಿಕ್ಕೆ ಸರಕಾರ ಬೇಕಾ? ಅವನಿಗೆ ಬಾರದ್ದು ಮಗ್ಗಿ. ಅದನ್ನು ಕಲಿಸಿ ಕೊಡಿ," ಎಂದು ಕುಳಿತುಬಿಟ್ಟರು.

ಅವರ ಹಿಂದೆ ಕುಳಿತಿದ್ದವನ ಪಾಡು ಇನ್ನೂ ಕಷ್ಟದ್ದು. ಅವನ ಮನೆತನದ ಕಸುಬು ಕಳ್ಳು ಇಳಿಸುವುದು. ಮದರಾಸು ಸರಕಾರ ಪಾನನಿಷೇಧ ತಂದು ಕೆಲವು ವರ್ಷಗಳಾಗಿದ್ದವು. ಕಳ್ಳು ಇಳಿಸಿದರೆ ಜೈಲು. ಈಗ ಅದೇ ಸರಕಾರ, ನಿನ್ನ ಕಸುಬನ್ನು ಮಗನಿಗೆ ಕಲಿಸು ಎನ್ನುತ್ತಿತ್ತು. ಅವನು ಹೆಡ್‌ಮಾಷ್ಟ್ರ ಮುಖ ನೋಡಿದ, ಬಾಗಿಲು ನೋಡಿದ.

"ನಾನು ಮರ ಹತ್ತುದು," ಎಂದ.

"ಹತ್ತಿ?"

"ಹತ್ತಿ ಇಳಿಯುದು."

ಇಡೀ ಕೋಣೆ ಕೆಮ್ಮಿತು. ಹೆಡ್‌ಮಾಷ್ಟ್ರು ಗಂಭೀರವಾಗಿ "ವೃಕ್ಷಾರೋಹಣ" ಎಂದು ಬರೆದುಕೊಂಡರು.

ಕೊನೆಗೆ ಪಟೇಲರ ಸರದಿ. ಅವರಿಗೊಂದು ಕುರ್ಚಿ ಹಾಕಲಾಗಿತ್ತು. ಊರಿನ ಹೆಚ್ಚಿನ ಗದ್ದೆ, ತೋಟ ಅವರದ್ದು. ಅದರಲ್ಲಿ ದುಡಿಯುವವರು ಒಕ್ಕಲುಗಳು. ಪಟೇಲರ ಕಾಲಿಗೆ ಕೆಸರು ತಾಗಿದ್ದನ್ನು ಕಂಡವರಿಲ್ಲ. "ಬೇಸಾಯ ಅಂತ ಬರೆಯಲಾ?" ಎಂದು ಹೆಡ್‌ಮಾಷ್ಟ್ರು ಮೆಲ್ಲಗೆ ಕೇಳಿದರು. ಹಿಂದಿನ ಬೆಂಚಿನಿಂದ ಅಡಿಕೆ ವ್ಯಾಪಾರದ ಬ್ಯಾರಿಯವರು, "ಬೇಸಾಯ ಎಂತದ್ದು ಮಾರಾಯ್ರೆ, ಪಟೇಲರದ್ದು ಕೋರ್ಟಲ್ವಾ?" ಎಂದರು.

ಪಟೇಲರಿಗೆ ಸಿಟ್ಟು ಬರಲಿಲ್ಲ, ಬದಲು ಖುಷಿಯೇ ಆಯಿತು. ಚಿಕ್ಕಪ್ಪನ ಮಗನ ಜೊತೆ ಗದ್ದೆಗಳ ನಡುವೆ ಹರಿಯುವ ಒಂದು ತೋಡಿನ ನೀರಿನ ವಿಷಯದಲ್ಲಿ ಅವರು ಬಹಳ ಕಾಲದಿಂದ ಪುತ್ತೂರಿನ ಕೋರ್ಟಿಗೆ ಹೋಗಿ ಬರುತ್ತಿದ್ದರು. ತೋಡು ಎರಡು ಮಳೆಗಾಲಗಳಲ್ಲಿ ದಾರಿ ಬದಲಿಸಿ ಹರಿದಿತ್ತು. ಕೇಸು ಮಾತ್ರ ಇದ್ದಲ್ಲೇ ಇತ್ತು. "ಹೌದು, ಕೋರ್ಟೇ," ಎಂದರು ಪಟೇಲರು. "ಹುಡುಗನನ್ನು ಕರ್ಕೊಂಡು ಹೋಗ್ತೇನೆ. ಕಲೀಲಿ."

ಕರೆದುಕೊಂಡು ಹೋದರು ಕೂಡ. ನಾಲ್ಕನೆಯ ತರಗತಿಯಲ್ಲಿದ್ದ ಆ ಗುಂಡು ಗುಂಡಾದ ಹುಡುಗ ಬಸ್ಸಿನಲ್ಲಿ, ತೋಡು ನೋಡಿಹೋಗಲು ಬಂದಿದ್ದ ಅಪ್ಪನ ವಕೀಲರ ಮೇಲೆಯೇ ವಾಂತಿ ಮಾಡಿದ. ಕೋರ್ಟಿನ ಬೆಂಚಿನಲ್ಲಿ ನಿದ್ದೆ ಹೋಗಿ ಗೊರಕೆ ಹೊಡೆದ. ಜವಾನ ಬಂದು ಎಬ್ಬಿಸಿದಾಗ ಗಟ್ಟಿಯಾಗಿ ಅತ್ತ. ಅಲ್ಲಿಗೆ ಅವನ ವಕೀಲಿ ವಿದ್ಯಾಭ್ಯಾಸ ಮುಗಿಯಿತು.

ಅದೇ ತರಗತಿಯಲ್ಲಿ ಕುಂಬಾರನ ಮಗಳೊಬ್ಬಳಿದ್ದಳು. ಕಡ್ಡಿಯಂಥ ಹುಡುಗಿ, ಬಾಯಿ ಮಾತ್ರ ಬಹಳ. "ಯಾಕೆ" ಎಂಬ ಶಬ್ದವನ್ನು ಅವಳಷ್ಟು ಉಪಯೋಗಿಸಿದ ಮಗುವನ್ನು ನನ್ನ ಇಡೀ ಸರ್ವಿಸಿನಲ್ಲಿ ನಾನು ಕಂಡಿಲ್ಲ. ಒಂದು ದಿನ ಪಾಠ ಬಿಟ್ಟ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಟೀಚರ್, ಅಪ್ಪನ ಚಕ್ರ ಹೆಣ್ಣುಮಕ್ಕಳು ಮುಟ್ಲಿಕ್ಕಿಲ್ಲ."

"ಗೊತ್ತುಂಟು. ನೀನು ಅಮ್ಮನ ಹತ್ತಿರ ಮನೆಗೆಲಸ ಕಲಿಯುದಲ್ವಾ?"

"ಅದು ನನಗೆ ಬರ್ತದೆ. ಬರುದನ್ನೇ ಪುನಃ ಕಲಿಯುದು ಹೇಗೆ?"

ಟ್ರೈನಿಂಗಿನಲ್ಲಿ ನಮಗೆ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. "ಇನ್ನೂ ಚಂದ ಮಾಡುದು ಕಲಿ," ಎಂದು ಕಳಿಸಿದೆ. ಅವಳು ಹೋದ ರೀತಿ ನೋಡಿದರೆ ಆ ಉತ್ತರವನ್ನು ಒಪ್ಪಿದ ಹಾಗೆ ಕಾಣಲಿಲ್ಲ.

ಈ ನಡುವೆ ಹೆಡ್‌ಮಾಷ್ಟ್ರಿಗೆ ಹೊಸದೊಂದು ಉತ್ಸಾಹ ಹತ್ತಿತು. ಮಕ್ಕಳು ನಿಜವಾಗಿ ಕಸುಬು ಕಲಿಯುತ್ತಾರೋ ಇಲ್ಲವೋ ನೋಡಬೇಡವೇ? ಹಾಗೆ ನೋಡಬೇಕೆಂದು ಯಾವ ಸರ್ಕ್ಯುಲರೂ ಹೇಳಿರಲಿಲ್ಲ. ಅವರೇ ಹೇಳಿದರು. ಶುಕ್ರವಾರ ಮಧ್ಯಾಹ್ನ ಸಣ್ಣ ಮಕ್ಕಳನ್ನೆಲ್ಲ ತಾವೇ ಒಟ್ಟಿಗೆ ಕೂರಿಸಿಕೊಂಡು, ನನ್ನ ಕೈಗೆ ಕೊಡೆ ಕೊಟ್ಟು ಮನೆಮನೆಗೆ ಕಳಿಸತೊಡಗಿದರು.

ಹಾಗೆ ಒಂದು ಶುಕ್ರವಾರ ಕುಂಬಾರನ ಕೊಟ್ಟಿಗೆಗೆ ಹೋದೆ. ಚಕ್ರದ ಮುಂದೆ ಒಬ್ಬ ಹುಡುಗ ಕುಳಿತಿದ್ದ. ತಲೆಯಿಂದ ಕಾಲಿನವರೆಗೆ ಮಣ್ಣು. ಕಣ್ಣು ಎರಡು ಮಾತ್ರ ಬಿಳಿ. ಅವನು ನಕ್ಕಾಗ ಗುರುತು ಸಿಕ್ಕಿತು, ಪಟೇಲರ ಮಗ!

ಕುಂಬಾರ ನನ್ನನ್ನು ಕಂಡವನೇ ಎದ್ದು ಎರಡೂ ಕೈ ಜೋಡಿಸಿದ. "ಟೀಚರ್, ನಾನು ಕರೆದದ್ದಲ್ಲ. ಅವರೇ ಬಂದದ್ದು. ಪಟೇಲರ ಮಗನಿಗೆ ಬೇಡ ಅಂತ ಹೇಳ್ಲಿಕ್ಕೆ ನನ್ನಿಂದ ಆಗ್ತದಾ?"

"ನಿನ್ನ ಮಗಳು ಎಲ್ಲಿ?"

ಅವನು ನೆಲ ನೋಡಿದ. "ಅವಳು ಪಟೇಲರಲ್ಲಿ ಉಂಟು. ಬದಲಿಗೆ."

"ಬದಲಿಗೆ ಅಂದ್ರೆ?"

ಮಣ್ಣಿನ ಮುದ್ದೆಯಿಂದ ತಲೆ ಎತ್ತದೆ ಹುಡುಗನೇ ಹೇಳಿದ. "ನಾವು ಮಾತಾಡಿಕೊಂಡದ್ದು ಟೀಚರ್. ನನಗೆ ಅವಳ ಅಪ್ಪ, ಅವಳಿಗೆ ನನ್ನ ಅಪ್ಪ."

ಕೊಡೆ ಬಿಚ್ಚುವುದನ್ನೂ ಮರೆತು ಪಟೇಲರ ಮನೆಗೆ ಓಡಿದೆ. ಪಟೇಲರು ಪುತ್ತೂರಿಗೆ ಹೋಗಿದ್ದರು. ಜಗಲಿಯಲ್ಲಿ ಅವರ ತಾಯಿ ಕುಳಿತು ವೀಳ್ಯದೆಲೆಯ ನಾರು ತೆಗೆಯುತ್ತಿದ್ದರು. ಕೆಳಗೆ ಅಂಗಳದಲ್ಲಿ, ಸೂರಿನಿಂದ ನೀರು ಬೀಳುವ ಸಾಲಿನ ಒಳಗೆ, ಹುಡುಗಿ ನಿಂತಿದ್ದಳು. ಇಬ್ಬರ ನಡುವೆ ಜೋರಾಗಿ ವಾದ ನಡೆಯುತ್ತಿತ್ತು.

"ತೋಡು ನಿಮ್ಮದು ಅಂತ ಯಾರು ಹೇಳಿದ್ದು?"

"ಎಂತ?"

"ತೋಡು! ನಿಮ್ಮದು ಅಂತ ಯಾರು ಹೇಳಿದ್ದು?"

"ನನ್ನ ಮಾವ ಹೇಳಿದ್ದು."

"ಅವರಿಗೆ ಯಾರು ಹೇಳಿದ್ದು?"

ಅಜ್ಜಿ ಎಲೆ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಟೀಚರ್, ಈ ಪೀಡೆಯನ್ನು ನೀವು ಕಳಿಸಿದ್ದಾ? ಇರ್ಲಿ ಬಿಡಿ. ಈ ಮನೇಲಿ ನನ್ನ ಹತ್ತಿರ ಯಾರೂ ಮಾತಾಡುದಿಲ್ಲ. ಇವಳೊಬ್ಬಳು ಮಾತಾಡ್ತಾಳೆ."

ಅವರಿಗೆ ಕಿವಿ ಮಂದ. ಅಂಗಳದಲ್ಲಿ ನಿಂತು ಕೂಗಿದ್ದು ಮಳೆಯ ಸದ್ದಿನಲ್ಲಿ ಕೇಳುತ್ತಿರಲಿಲ್ಲವಾದ್ದರಿಂದ ಮುಂದಿನ ವಾರ ಹುಡುಗಿ ಮೆಟ್ಟಿಲಿಗೆ ಬಂದಿದ್ದಳು. ನವರಾತ್ರಿಯ ಹೊತ್ತಿಗೆ ಮೇಲಿನ ಮೆಟ್ಟಿಲಿಗೆ. ಅಡಿಕೆ ಕೊಯ್ಲಿನ ಹೊತ್ತಿಗೆ ಜಗಲಿಯ ಚಾಪೆಗೆ. ಕುಂಬಾರರಲ್ಲಿ ಯಾರೂ ಆ ಜಗಲಿಯಲ್ಲಿ ಅದುವರೆಗೆ ಕುಳಿತದ್ದಿರಲಿಲ್ಲ. ಸಮಾಜ ಸುಧಾರಣೆಯ ಬಗ್ಗೆ ನಾನು ಆಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ. ಮುದುಕಿಯ ಕಿವಿ ಮಂದವಾದದ್ದರಿಂದ ಆದಷ್ಟು ಸುಧಾರಣೆ ಅವುಗಳಿಂದ ಆದದ್ದು ನನಗೆ ಗೊತ್ತಿಲ್ಲ.

ಪಟೇಲರು ಮೊದಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಅವಳಿಂದ ತಮಗೆ ಉಪಯೋಗವುಂಟೆಂದು ಕಂಡುಕೊಂಡರು. ಕೋರ್ಟಿಗೆ ಹೋಗುವ ಮುನ್ನ ತಾಯಿಯ ಮುಂದೆ ತಮ್ಮ ಸಾಕ್ಷ್ಯ ಹೇಳಿ ಅಭ್ಯಾಸ ಮಾಡುವುದು ಅವರ ಕ್ರಮ. ಈಗ ಹುಡುಗಿ ಎದುರು ಪಕ್ಷದ ವಕೀಲೆಯಾದಳು. ಅವರು ಒಂದು ಹೇಳಿದರೆ ಇವಳು "ಯಾಕೆ?" ಎನ್ನುವಳು. ಪಟೇಲರು ತಡವರಿಸುವರು. ಅಜ್ಜಿ ಬಾಯಿಗೆ ಸೆರಗು ಇಟ್ಟು ನಗುವರು. ಆ ಎದುರು ಪಕ್ಷದ ಚಿಕ್ಕಪ್ಪನ ಮಗನನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವರು ಅವರೇ. ಅವರ ಮನಸ್ಸು ಯಾವ ಪಕ್ಷದಲ್ಲಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಪಟೇಲರಿಗೆ ಗೊತ್ತಿಲ್ಲದ್ದು ಒಂದೇ, ತಮ್ಮ ಮಗ ಎಲ್ಲಿ ಹೋಗುತ್ತಾನೆ ಎಂಬುದು. ಕೇಳಿದರೆ ಅಜ್ಜಿ, "ಮಾಷ್ಟ್ರು ಎಂತದೋ ಕಲಿಸ್ತಾರೆ," ಎನ್ನುತ್ತಿದ್ದರು. ಮನೆಗೆ ಬರುವ ಮೊದಲು ಹುಡುಗ ತೋಡಿನಲ್ಲಿ ಮುಳುಗಿ ಎದ್ದು ಬರುತ್ತಿದ್ದ. ವ್ಯಾಜ್ಯದಲ್ಲಿದ್ದ ಅದೇ ತೋಡಿನಲ್ಲಿ.

ನಾನು ಎಲ್ಲವನ್ನೂ ಹೆಡ್‌ಮಾಷ್ಟ್ರಿಗೆ ಹೇಳಿದೆ. ಅವರು ಕೋಟು ಹಾಕಿಕೊಂಡು ಸರ್ಕ್ಯುಲರನ್ನು ಮತ್ತೊಮ್ಮೆ ಪೂರ್ತಿ ಓದಿದರು. ಆಮೇಲೆ ಕನ್ನಡಕ ತೆಗೆದು, "ಟೀಚರೇ, ಇದರಲ್ಲಿ ತಂದೆಯ ಕಸುಬು ಅಂತ ಉಂಟು. ಯಾರ ತಂದೆ ಅಂತ ಇಲ್ಲ," ಎಂದರು. ವಿಷಯ ಅಲ್ಲಿಗೆ ಮುಗಿಯಿತು ಎಂದು ನಾವಿಬ್ಬರೂ ಅಂದುಕೊಂಡೆವು.

ಆಗ ಇನ್ಸ್‌ಪೆಕ್ಟರ್ ಬರುವ ಸುದ್ದಿ ಬಂತು.

ಮಕರ ತಿಂಗಳ ಬಿಸಿಲಿನಲ್ಲಿ ಅವರು ಬಂದರು. ಮಂಗಳೂರು ಕಡೆಯವರು, ಬೆಳ್ಳಗಿನ ಪಂಚೆ, ಕೈಯಲ್ಲಿ ಬೆತ್ತ, ಬಾಯಿ ತುಂಬ ಮಾತು. ಹೊಸ ಯೋಜನೆ ಎಂದರೆ ಅವರಿಗೆ ಪ್ರಾಣ. ಮಗ್ಗಿ ಕೇಳಲಿಲ್ಲ, ಪದ್ಯ ಕೇಳಲಿಲ್ಲ. "ಪಾಠ ಎಲ್ಲ ಕಡೆ ಒಂದೇ ಮಾಷ್ಟ್ರೆ. ನನಗೆ ಕಸುಬು ತೋರಿಸಿ. ಮಕ್ಕಳು ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕು," ಎಂದರು. ಊರಿನ ದೊಡ್ಡ ಮನುಷ್ಯರೆಂದು ಪಟೇಲರೂ ಜೊತೆಗೆ ಹೊರಟರು. ಹೆಡ್‌ಮಾಷ್ಟ್ರು ಬೇರೆ ದಾರಿಯಲ್ಲಿ ಕರೆದುಕೊಂಡು ಹೋಗಲು ನೋಡಿದರು. ಆದರೆ ಕುಂಬಾರನ ಕೊಟ್ಟಿಗೆ ದಾರಿಯ ಪಕ್ಕದಲ್ಲೇ ಇತ್ತು, ಚಕ್ರ ತಿರುಗುತ್ತಿತ್ತು, ಇನ್ಸ್‌ಪೆಕ್ಟರು ಬೆತ್ತ ಚಾಚಿ, "ಆಹಾ!" ಎಂದರು.

ಒಳಗೆ ಹುಡುಗ ಒಂದು ಕುಡಿಕೆ ಮಾಡುತ್ತಿದ್ದ. ನಾಲಗೆ ಹೊರಗೆ ಚಾಚಿ, ಕಣ್ಣು ಕಿರಿದು ಮಾಡಿ, ಲೋಕ ಮರೆತಿದ್ದ. ಮಣ್ಣು ಅವನ ಕೈಯೊಳಗೆ ಎದ್ದು ನಿಲ್ಲುತ್ತಿದ್ದದ್ದು ನಿಜಕ್ಕೂ ಚಂದವಿತ್ತು. ನನ್ನ ಪಕ್ಕದಲ್ಲಿದ್ದ ಪಟೇಲರು ಒಂದು ಹೆಜ್ಜೆ ಮುಂದೆ ಬಂದು, ಬಗ್ಗಿ, ಹುಡುಗನ ಮುಖ ನೋಡಿದರು.

"ನೋಡಿದಿರಾ?" ಇನ್ಸ್‌ಪೆಕ್ಟರ ದನಿ ಗದ್ಗದವಾಗಿತ್ತು. "ಇದಕ್ಕೆ ಪುಸ್ತಕ ಬೇಕೇ? ಬೋರ್ಡು ಬೇಕೇ? ಇದು ರಕ್ತದಲ್ಲಿ ಬರುವುದು! ಅಪ್ಪನ ಕೈ ಮಗನಿಗೆ ಬಂದಿದೆ!" ಕುಂಬಾರನ ಬೆನ್ನು ತಟ್ಟಿದರು. "ನಿನ್ನ ಮಗ ನಿನ್ನನ್ನೇ ಮೀರಿಸುತ್ತಾನಪ್ಪ."

ಕುಂಬಾರ ಇನ್ಸ್‌ಪೆಕ್ಟರನ್ನು ನೋಡಲಿಲ್ಲ. ಪಟೇಲರನ್ನೇ ನೋಡುತ್ತ, "ಎಲ್ಲ ದೊಡ್ಡವರ ಆಶೀರ್ವಾದ," ಎಂದ.

ಇನ್ಸ್‌ಪೆಕ್ಟರು ಪಟೇಲರ ಕಡೆ ತಿರುಗಿದರು. "ಪಟೇಲರೆ, ನಿಜ ಹೇಳಿ. ನೀವು ಎಷ್ಟೇ ಖರ್ಚು ಮಾಡಿ ಕಲಿಸಿದರೂ ನಿಮ್ಮ ಮಗನಿಗೆ ಇದು ಬರುತ್ತದೆಯೇ?"

ಪಟೇಲರ ಮುಖ ನಾನು ಈಗಲೂ ಕಣ್ಣೆದುರಿಗೆ ತಂದುಕೊಳ್ಳಬಲ್ಲೆ. ಅವನು ನನ್ನ ಮಗ ಎಂದರೆ ಪಟೇಲರ ಮಗ ಮಡಕೆ ಮಾಡುತ್ತಾನೆಂದು ಊರೆದುರು ಒಪ್ಪಿದ ಹಾಗೆ. ಸುಮ್ಮನಿದ್ದರೆ ಮಗನನ್ನು ಕುಂಬಾರನಿಗೆ ಬಿಟ್ಟುಕೊಟ್ಟ ಹಾಗೆ. ಕೋರ್ಟಿನಲ್ಲಿ ಅಷ್ಟು ವರ್ಷ ಉತ್ತರ ಹೇಳಿದವರಿಗೆ ಅಂಥ ಪ್ರಶ್ನೆ ಬಂದಿರಲಿಲ್ಲ.

"ಬರ್ಲಿಕ್ಕಿಲ್ಲ," ಎಂದರು ಕೊನೆಗೆ.

ಹುಡುಗ ಮಾತ್ರ ತಲೆ ಎತ್ತಿ, ಅಪ್ಪನನ್ನು ನೋಡಿ, ಸಂತೋಷದಿಂದ ನಕ್ಕ. ಕುಡಿಕೆಯ ಕುತ್ತಿಗೆ ಸೊಟ್ಟಗಾಯಿತು.

ಕಾಫಿಗೆ ಪಟೇಲರ ಮನೆಗೆ ಹೋಗಬೇಕಿತ್ತು. ದಾರಿಯುದ್ದಕ್ಕೂ ಇನ್ಸ್‌ಪೆಕ್ಟರು ರಕ್ತದ ವಿಷಯವನ್ನೇ ಹೇಳಿದರು. ಜಗಲಿಯಲ್ಲಿ ಅಜ್ಜಿಯೂ ಹುಡುಗಿಯೂ ಚಾಪೆಯ ಮೇಲೆ ಎದುರುಬದುರು ಕುಳಿತಿದ್ದರು. ಇನ್ಸ್‌ಪೆಕ್ಟರು ಬರುತ್ತಾರೆಂದು ಅಜ್ಜಿ ಅವಳ ಜಡೆಗೆ ಅಬ್ಬಲಿಗೆ ಮುಡಿಸಿದ್ದರು. ಹುಡುಗಿ ಎದ್ದು ನಿಂತು ನಮಸ್ಕಾರ ಮಾಡಿದಳು.

"ನೀನು ಯಾವ ಕಸುಬು ಕಲಿಯುತ್ತಿದ್ದೀ ಮಗು?"

"ಪ್ರಶ್ನೆ ಕೇಳುದು," ಎಂದಳು.

ಇನ್ಸ್‌ಪೆಕ್ಟರು ನಕ್ಕು ಕುರ್ಚಿಯಲ್ಲಿ ಕುಳಿತರು. "ಹಾಗಾದರೆ ನನ್ನನ್ನೊಂದು ಕೇಳು ನೋಡುವ."

ಹೆಡ್‌ಮಾಷ್ಟ್ರು ಕಣ್ಣು ಮುಚ್ಚಿಕೊಂಡರು.

"ನಿಮ್ಮ ಅಪ್ಪ ಎಂತ ಮಾಡ್ತಿದ್ದದ್ದು?"

"ನನ್ನ ತಂದೆಯೇ? ಅವರು..." ಇನ್ಸ್‌ಪೆಕ್ಟರು ಒಂದು ಗುಟುಕು ಕಾಫಿ ಕುಡಿದರು. "ಅಡಿಗೆಯವರು. ಮದುವೆ ಮುಂಜಿಗಳಿಗೆ ಅಡಿಗೆ ಮಾಡುತ್ತಿದ್ದರು."

"ನಿಮಗೆ ಅಡಿಗೆ ಬರ್ತದಾ?"

"ಇಲ್ಲ."

"ಸಾರು?"

"ಇಲ್ಲ ಮಗು."

"ಅನ್ನ ಆದ್ರೂ?"

"ಇಲ್ಲ."

"ಯಾಕೆ?"

ಅಜ್ಜಿಗೆ ಅಂದು ಎಲ್ಲವೂ ಸ್ಪಷ್ಟವಾಗಿ ಕೇಳಿಸಿತ್ತು ಎಂದು ಕಾಣುತ್ತದೆ. ಅವರ ಹೆಗಲು ಕುಲುಕುತ್ತಿತ್ತು. ಇನ್ಸ್‌ಪೆಕ್ಟರು ಲೋಟವನ್ನು ಕೆಳಗಿಟ್ಟರು, ಎತ್ತಿದರು, ಮತ್ತೆ ಇಟ್ಟರು. ಇದ್ದಕ್ಕಿದ್ದ ಹಾಗೆ ಅವರ ಮುಖ ಅರಳಿತು. ತೊಡೆ ತಟ್ಟಿ, "ಮಾಷ್ಟ್ರೆ, ಕೇಳಿದಿರಾ! ಇದೂ ರಕ್ತವೇ! ಶುದ್ಧ ಕೋರ್ಟಿನ ರಕ್ತ! ಪಟೇಲರೆ, ನಿಮ್ಮ ಮಗಳು ನಿಮ್ಮ ಹೆಸರು ಉಳಿಸುತ್ತಾಳೆ!" ಎಂದರು.

ಪಟೇಲರು ಹುಡುಗಿಯನ್ನು ನೋಡಿದರು. ಆ ದಿನ ಒಬ್ಬ ಮಗನನ್ನು ಕಳೆದುಕೊಂಡವರು ಅವರು. "ಹೌದು," ಎಂದರು ನಿಧಾನವಾಗಿ. "ಕೋರ್ಟಿಗೆ ಹೋಗಿ ಹೋಗಿ ಬಂದದ್ದು."

ಇನ್ಸ್‌ಪೆಕ್ಟರು ನಮ್ಮ ಶಾಲೆಯನ್ನು ಬಾಯಿ ತುಂಬ ಹೊಗಳಿ ಗುಡ್ಡ ಹತ್ತಿದರು. ಅವರ ಬಿಳಿ ಪಂಚೆ ಮರೆಯಾದ ಕೂಡಲೇ ಪಟೇಲರ ಮನೆಯಿಂದ ಮಗನ ಬೊಬ್ಬೆ ಕೇಳಿತು. ಕುಂಬಾರ ಆ ಬೊಬ್ಬೆ ಕೇಳಿದವನೇ ಹೆಂಡತಿಗೂ ಹೇಳದೆ ಈಶ್ವರಮಂಗಲದ ಭಾವನ ಮನೆಗೆ ಓಡಿಹೋದ. ಅವನ ಭಯ ಸುಳ್ಳಲ್ಲ. ಅವನು ಕೂತ ಜಾಗ, ಅಗೆದ ಮಣ್ಣು, ಮನೆಯ ಅಡಿಯ ನೆಲ ಎಲ್ಲವೂ ಪಟೇಲರದ್ದು. ಒಂದು ಮಾತು ಹೇಳಿದರೆ ಎಬ್ಬಿಸಬಹುದಿತ್ತು. ನಾನೂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಪಟೇಲರೇ ಆಳು ಕಳಿಸಿ ಅವನನ್ನು ಕರೆಸಿದರು. ಹೆಡ್‌ಮಾಷ್ಟ್ರು ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ಕುಂಬಾರ ಅಂಗಳದಲ್ಲಿ ಮುದುಡಿ ನಿಂತಿದ್ದ. ಪಟೇಲರು ಜಗಲಿಯ ಅಂಚಿಗೆ ಸರಿದು ಕುಳಿತರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಅಲ್ಲ ಮಾರಾಯ, ಅವನ ಕೈ ನಿಜವಾಗಿ ಅಷ್ಟು ಒಳ್ಳೆದುಂಟಾ?"

ಕುಂಬಾರ ಒದ್ದಾಡಿದ. "ಧಣಿಗಳ ಹತ್ತಿರ ಸುಳ್ಳು ಹೇಳುದಿಲ್ಲ. ನೋಡ್ಲಿಕ್ಕೆ ಚಂದ. ಆದ್ರೆ ಸೋರ್ತದೆ."

"ಸೋರ್ತದಾ?"

"ಎಲ್ಲ ಸೋರ್ತದೆ."

"ಇನ್ಸ್‌ಪೆಕ್ಟರು ಅಷ್ಟು ಹೊಗಳಿದ್ರಲ್ಲ!"

"ಅವರು ನೀರು ಹಾಕಿ ನೋಡ್ಲಿಲ್ಲ, ಧಣಿ."

ಮಗ ಮಡಕೆ ಮಾಡಿದ್ದಕ್ಕಿಂತ ಅದು ಸೋರಿದ್ದೇ ಪಟೇಲರಿಗೆ ಹೆಚ್ಚು ನೋವು ಕೊಟ್ಟಿತು. "ಮತ್ತೆ ಇಷ್ಟು ತಿಂಗಳು ನೀನು ಕಲಿಸಿದ್ದೆಂತ? ಸರಿಯಾಗಿ ಕಲಿಸು!" ಎಂದು ಗದರಿದರು. ಗದರಿದ ಮೇಲೆ ತಾವೇನು ಹೇಳಿದೆವೆಂದು ಅವರಿಗೆ ಗೊತ್ತಾಯಿತು. ಒಳಗಿನಿಂದ ಅಜ್ಜಿ ನಕ್ಕ ಸದ್ದು ಕೇಳಿತು. ಪಟೇಲರು ಎದ್ದು ಸೀದಾ ತೋಟದ ಕಡೆ ನಡೆದರು. ಕುಂಬಾರ ನನ್ನ ಮುಖ ನೋಡಿದ. "ಟೀಚರ್, ಇದು ಹೌದು ಅಂತಲಾ, ಅಲ್ಲ ಅಂತಲಾ?" ಎಂದ. ಹೌದು ಎಂದೇ ಇಟ್ಟುಕೊಳ್ಳಲು ಹೇಳಿದೆ.

ಮುಂದಿನ ವರ್ಷ ಮದರಾಸಿನಲ್ಲಿ ಮಂತ್ರಿಗಳು ಬದಲಾಗಿ, ಯೋಜನೆ ರದ್ದಾಯಿತು. ಹೆಡ್‌ಮಾಷ್ಟ್ರು ಆ ಸರ್ಕ್ಯುಲರನ್ನೂ ಕೋಟು ಹಾಕಿ, ನಿಂತು, ಅಷ್ಟೇ ಭಕ್ತಿಯಿಂದ ಓದಿದರು. ಮಕ್ಕಳು ಇಡೀ ದಿನ ಶಾಲೆಗೆ ಬರತೊಡಗಿದರು. ಹುಡುಗಿ ಮಾತ್ರ ಶಾಲೆ ಬಿಟ್ಟ ಮೇಲೆ ಜಗಲಿಗೆ ಹೋಗುವುದನ್ನು ಬಿಡಲಿಲ್ಲ. ಪ್ರತಿ ಸಲ ಮನೆಯಲ್ಲೇ ಸೋತು ಸೋತು ಬೇಸತ್ತ ಪಟೇಲರು ಚಿಕ್ಕಪ್ಪನ ಮಗನ ಜೊತೆ ರಾಜಿ ಮಾಡಿಕೊಂಡರು. ಆ ದಿನ ಅಜ್ಜಿ ಪಾಯಸ ಮಾಡಿಸಿದರು. ಐದನೆಯದು ಮುಗಿದಾಗ, ಹುಡುಗಿಗೆ ಇಷ್ಟು ಸಾಕು ಎಂದ ಕುಂಬಾರನನ್ನು ಅಂಗಳಕ್ಕೆ ಕರೆಸಿ ಬೈದವರೂ ಅಜ್ಜಿಯೇ. ಅವಳನ್ನು ದೂರದ ಮೇಲಿನ ಶಾಲೆಗೆ ಸೇರಿಸಲಾಯಿತು. ಪಟೇಲರ ಮಗನೂ ಅದೇ ಶಾಲೆಗೆ ಹೋಗುತ್ತಿದ್ದುದರಿಂದ ದಾರಿಗೆ ಜೊತೆಯಾಯಿತು.

ನನಗೆ ಬೇರೆ ಊರಿಗೆ ವರ್ಗವಾಯಿತು. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಹೊಸ ಪಠ್ಯದ ತರಬೇತಿಗೆಂದು ಪುತ್ತೂರಿನಲ್ಲಿ ಅಧ್ಯಾಪಕರನ್ನೆಲ್ಲ ಸೇರಿಸಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಕಡ್ಡಿಯಂಥ ಒಬ್ಬಳು ಬಂದು ಪಕ್ಕದಲ್ಲಿ ಕುಳಿತಳು. "ಟೀಚರ್, ಗುರುತು ಸಿಕ್ಲಿಲ್ವಾ?" ಟ್ರೈನಿಂಗ್ ಮುಗಿಸಿ ಸುಳ್ಯದ ಕಡೆ ಕೆಲಸಕ್ಕೆ ಸೇರಿದ್ದಳು. ಅಲ್ಲಿಯ ಗೌಡರ ಮಕ್ಕಳಿಂದ ಅರೆಭಾಷೆ ಕಲಿತು, ಈಗ ಅವರನ್ನು ಅವರ ಭಾಷೆಯಲ್ಲೇ ಬೈಯುತ್ತೇನೆ ಎಂದು ಹೆಮ್ಮೆಯಿಂದ ಹೇಳಿದಳು.

ಅಪ್ಪ ಹೇಗಿದ್ದಾರೆ ಎಂದು ಕೇಳಿದೆ. ಅಲ್ಯುಮಿನಿಯಂ ಪಾತ್ರೆ ಬಂದ ಮೇಲೆ ಮಡಕೆ ಕೇಳುವವರಿಲ್ಲ, ಚಕ್ರ ಅಟ್ಟಕ್ಕೆ ಹೋಯಿತು, ಅಪ್ಪ ಈಗ ಪಟೇಲರಲ್ಲಿ ಅಡಿಕೆ ಸುಲಿಯುತ್ತಾರೆ ಎಂದಳು. ಪಟೇಲರ ಮಗ ಹೈಸ್ಕೂಲಿನಲ್ಲಿ ಲೆಕ್ಕಕ್ಕೆ ಫೇಲಾಗಿ ತೋಟಕ್ಕೆ ಇಳಿದನಂತೆ. ಕೈಕಾಲಿಗೆ ಕೆಸರು ಮಾಡಿಕೊಳ್ಳುವ ಮೊದಲ ಪಟೇಲ ಅವನೇ. ಅಜ್ಜಿ ತೀರಿಕೊಂಡಿದ್ದರು. ಅದನ್ನು ಹೇಳುವಾಗ ಮಾತ್ರ ಅವಳು ತುತ್ತನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

ಗಂಟೆ ಹೊಡೆಯಿತು. ಕೈ ತೊಳೆದು ಒಳಗೆ ಹೋದೆವು. ಘಟ್ಟದ ಮೇಲಿನಿಂದ ಬಂದಿದ್ದ ಅಧಿಕಾರಿಯೊಬ್ಬರು ಹೊಸ ಪುಸ್ತಕದ ರಾಗಿಯ ಪಾಠವನ್ನು ಹೇಗೆ ಮಾಡಬೇಕೆಂದು ವಿವರಿಸಿದರು. ಭತ್ತದ ಊರಿನವರಾಗಿ ರಾಗಿಯ ಹೊಲವನ್ನು ಕಣ್ಣಿಂದ ಕಾಣದ ನಾವೆಲ್ಲ ತಲೆ ಬಗ್ಗಿಸಿ ಬರೆದುಕೊಂಡೆವು.